ಎಡ ಮೊಣಕಾಲಿನ ನೋವು

ನೋವಿದ್ದವರು ಆಸ್ಪತ್ರೆಯ ಗೋಡೆಯ ಮೇಲಿದ್ದ ದೇಹದ ಪಟದಲ್ಲಿ ನೋಯುವ ಜಾಗವನ್ನು ಒತ್ತಬೇಕಿತ್ತು. ಅಲ್ಲಿ ಆ ಅಂಗದ ಹೆಸರು ಬೆಳಗಿದರೆ ಮಾತ್ರ ಡಾಕ್ಟರ ಬಾಗಿಲು ತೆರೆಯುತ್ತಿತ್ತು.

ಹೊಲಿಗೆ ಕಲಿಸುವ ನೀಲವ್ವ ಹೆಂಗಸರ ಪಟದಲ್ಲಿ ತೊಡೆಗಳ ನಡುವೆ ಒತ್ತಿದಳು. ಏನೂ ಬೆಳಗಲಿಲ್ಲ. ಅಲ್ಲಿ ಬರೀ ಬಿಳಿ ಬಣ್ಣವಿತ್ತು. ಪಕ್ಕದ ಗಂಡಸಿನ ಪಟದಲ್ಲಿ ಅದೇ ಜಾಗದ ಹೆಸರುಗಳು ಹಿಡಿಸಲಾರದೆ ಅಂಚಿನವರೆಗೂ ಹರಡಿದ್ದವು. ಆರು ತಿಂಗಳಿಂದ ಉರಿಯುತ್ತಿದ್ದ ಜಾಗ ತನಗೆ ನಿಜವಾಗಿಯೂ ಇದೆಯೇ ಎಂದು ಅವಳಿಗೇ ಅನುಮಾನ ಬಂತು.

“ಸಿಸ್ಟರ್, ಇಲ್ಲೇನೂ ಇಲ್ಲಲ್ರಿ?”

“ಸಂಶೋಧನೆಯವ್ರು ಇನ್ನೂ ಅಲ್ಲಿಗೆ ಮುಟ್ಟಿಲ್ಲಕ್ಕಾ. ಗಂಡಸರ ಪಟಾನ ಏಳನೇ ಸಲ ತಿದ್ದಾಕ ಹತ್ಯಾರ,” ಎಂದಳು ನರ್ಸ್. “ನೀವು ಎಡ ಮೊಣಕಾಲು ಒತ್ತಿಬಿಡ್ರಿ. ಎಲ್ಲಾರೂ ಹಂಗ ಮಾಡ್ತಾರ.”

“ಮೊಣಕಾಲು ನೋಯಂಗಿಲ್ರೀ.”

“ಬಾಗಿಲಾದ್ರೂ ತೆರೀತೈತೆಲ್ಲಕ್ಕಾ.”

ನೀಲವ್ವ ತಿರುಗಿ ನೋಡಿದಳು. ಬೆಂಚಿನ ಮೇಲಿದ್ದ ಹೆಂಗಸರೆಲ್ಲ ಎಡಗಾಲು ಮಡಚಲಾರದೆ ನೆಟ್ಟಗೆ ಚಾಚಿ ಕೂತಿದ್ದರು. ಅವಳು ಪಟದ ಎಡ ಮೊಣಕಾಲು ಒತ್ತಿದಳು. ಬಾಗಿಲು ತೆರೆಯಿತು.

ಒಳಗಿದ್ದ ಡಾಕ್ಟರೂ ಹೆಂಗಸು. ಏನೊಂದೂ ಕೇಳದೆ ನೀಲವ್ವನ ಮೊಣಕಾಲಿಗೆ ಮುಲಾಮು ಹಚ್ಚಿ, ಬಿಗಿಯಾಗಿ ಬ್ಯಾಂಡೇಜ್ ಸುತ್ತತೊಡಗಿದರು.

“ಮೇಡಂ, ನೋವು ಇಲ್ಲಿ ಅಲ್ರಿ. ಇನ್ನೂ ಮ್ಯಾಲ…”

“ಗೊತ್ತೈತ್ರಿ,” ಎಂದರು ಡಾಕ್ಟರ್, ತಲೆ ಎತ್ತದೆ. “ಅಲ್ಲಿ ಏನೈತಿ ಅಂತ ಕಾಲೇಜಿನ್ಯಾಗ ನಮಗೂ ಯಾರೂ ಕಲಿಸ್ಲಿಲ್ಲ.”

ಗಂಟು ಬಿಗಿದು, ಮೇಜು ಹಿಡಿದುಕೊಂಡು ಎದ್ದರು. ಬಾಗಿಲು ತೆರೆಯಲು ಹೋಗುವಾಗ ಅವರ ಎಡಗಾಲು ಮಡಚಲಿಲ್ಲ. ಸೀರೆಯಡಿಯಿಂದ ಬ್ಯಾಂಡೇಜಿನ ತುದಿಯೊಂದು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿತ್ತು.