ಮಂಜಿನಲ್ಲಿ ಎರಡು ಬೋಟು

"ಅಕ್ಕಾ, ಎಲ್ಲಿದ್ದೀಯೇ? ಮಾತಾಡೇ!" ವೈರ್‌ಲೆಸ್ಸಿನಲ್ಲಿ ಬರೀ ಗೊರಗೊರ ಸದ್ದು. ಪ್ರವಾಸಿಗರಿಗೆ ಬಂದರು ಸುತ್ತಿಸುವ ಕಂಪನಿಯ ಒಂದು ಬೋಟನ್ನು ಅಕ್ಕ, ಇನ್ನೊಂದನ್ನು ತಂಗಿ ಓಡಿಸುತ್ತಿದ್ದರು. ಹಠಾತ್ತನೆ ಕವಿದ ಮಂಜಿನಲ್ಲಿ ತಂಗಿಗೆ ತನ್ನ ಬೋಟಿನ ಮೂತಿಯೇ ಕಾಣುತ್ತಿರಲಿಲ್ಲ.

"ಮೇಡಂ, ಮಂಜು ತೋರ್ಸೋಕೆ ಕರ್ಕೊಂಡ್ ಬಂದ್ರಾ?" ಹಿಂದಿನಿಂದ ಪ್ರವಾಸಿಯೊಬ್ಬ ನಕ್ಕ. ಅವಳು ಎಂಜಿನ್ ತಗ್ಗಿಸಿ, ಹಾರನ್ ಒತ್ತಿ ಕಿವಿಗೊಟ್ಟಳು.

ಉತ್ತರವಾಗಿ ಇನ್ನೊಂದು ಹಾರನ್ ಕೇಳಿಸಿತು, ತೀರಾ ಎದುರಿನಿಂದಲೇ. ಅವಳು ಚುಕ್ಕಾಣಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದಳು. ಅಕ್ಕನ ಬೋಟು ಮಂಜಿನೊಳಗಿಂದ ಎದ್ದುಬಂದು ಗೇಣು ದೂರದಲ್ಲಿ ಪಕ್ಕಕ್ಕೆ ಜಾರಿಹೋಯಿತು. ಗಾಜಿನಾಚೆ ಅಕ್ಕನ ಮುಖ ಬಿಳಿಚಿತ್ತು.

ಎರಡೂ ಬೋಟಿನ ಜನ, ಬೇಕೆಂದೇ ಮಾಡಿದ ಕರಾಮತ್ತು ಎಂದುಕೊಂಡು ಚಪ್ಪಾಳೆ ತಟ್ಟಿ ಪರಸ್ಪರ ಕೈಬೀಸಿದರು. ಅಕ್ಕತಂಗಿಯರಿಬ್ಬರಿಗೂ ಚುಕ್ಕಾಣಿಯಿಂದ ಕೈ ಬಿಡಿಸಿಕೊಳ್ಳಲು ಆಗಲಿಲ್ಲ.