ಹಕ್ಕು ಬಿಡುಗಡೆಯ ಸೀರೆ

"ನಿಮ್ಮಪ್ಪನ ಹೊಲದಾಗೆ ನಿಮಗೂ ಸಮಪಾಲು ಐತೆ. ಅದನ್ನ ತಮ್ಮನಿಗೆ ಬಿಟ್ಟುಕೊಡಾಕೆ ಒಪ್ಪಿಗೆ ಐತೇನಮ್ಮಾ?" ಹೊನ್ನಾಳಿಯ ನೋಂದಣಿ ಕಚೇರಿಯ ಅಧಿಕಾರಿ ಕಸ್ತೂರಮ್ಮನನ್ನು ಕೇಳಿದರು.

"ಐತೆ ಸಾರ್," ಎಂದು ತಮ್ಮ ಗುರುಬಸವರಾಜ್ ಥಟ್ಟನೆ ಹೇಳಿದ. "ಬೆಳಿಗ್ಗೇನೆ ಅಕ್ಕಂಗೆ ಹೊಸ ಸೀರೆ ಉಡಿಸಿ, ಉಡಿ ತುಂಬಿ ಕರ್ಕೊಂಡು ಬಂದೀವಿ."

"ನಿಮ್ಮನ್ನಲ್ಲ, ಅವರನ್ನ ಕೇಳಿದ್ದು."

ಹೆಬ್ಬೆರಳು ಒತ್ತಲು ಆಗಲೇ ಕೈ ಚಾಚಿದ್ದ ಕಸ್ತೂರಮ್ಮ ಹಾಗೇ ನಿಂತಳು. ಹೊಸ ಸೀರೆಯ ಜರಿ ಕುತ್ತಿಗೆಗೆ ಚುಚ್ಚುತ್ತಿತ್ತು. ಏಳನೇ ಕ್ಲಾಸಿಗೆ ಶಾಲೆ ಬಿಡಿಸಿದಾಗ, ಜಗಳೂರಿಗೆ ಮದುವೆ ಮಾಡಿ ಕಳಿಸಿದಾಗ, ಇನ್ನು ಮಕ್ಕಳಾಗದಂತೆ ಆಪರೇಷನ್ ಮಾಡಿಸಿದಾಗ, ಒಬ್ಬರಾದರೂ ಅವಳಿಗೆ ಒಪ್ಪಿಗೆ ಇದೆಯೇ ಎಂದು ಕೇಳಿರಲಿಲ್ಲ. ಐವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಕೇಳಿದವರು ಹೆಸರೂ ಗೊತ್ತಿಲ್ಲದ ಈ ಮನುಷ್ಯ.

"ಹೂಂ ಅನ್ನಕ್ಕ," ತಮ್ಮ ಪಿಸುಗುಟ್ಟಿದ.

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಇನ್ನೊಂದ್ಸಲ ಕೇಳ್ರಿ ಸಾರ್."