ದುಭಾಷಿಯ ಪುರಾವೆ

ನಮ್ಮ ಸೇನೆ ಯುದ್ಧಕ್ಕೆ ಹೋಗಿದ್ದ ಪರದೇಶದಿಂದ ವಾಪಸಾಗಿ ವರ್ಷವಾಗಿತ್ತು. ಅಲ್ಲಿ ತಮಗೆ ದುಭಾಷಿಯಾಗಿದ್ದವನನ್ನು ಇಲ್ಲಿಗೆ ಕರೆಸಿಕೊಳ್ಳಲು ನಿವೃತ್ತ ಸುಬೇದಾರರು ಆರನೇ ಸಲ ಕಚೇರಿಗೆ ಬಂದಿದ್ದರು. ಅಧಿಕಾರಿ ಕಡತದ ಗುಂಡುಸೂಜಿ ಕಿತ್ತು ಹಲ್ಲುಸಂದಿ ಕೆದಕುತ್ತಿದ್ದ.

"ಅವನು ನಮ್ಮೋರಿಗೇ ಕೆಲಸ ಮಾಡಿದ ಅನ್ನೋದಕ್ಕೆ ಪುರಾವೆ ಏನಿದೆ ಸುಬೇದಾರ್ರೇ?"

"ನಾನೇ ಇದೀನಲ್ಲ ಸಾರ್. ನೆಲಬಾಂಬ್ ಹೂತಿದ್ದ ದಾರೀಲಿ ನನಗಿಂತ ಮುಂದೆ ನಡೆದೋನು ಅವನು."

"ಬಾಯಿಮಾತು ನಡೆಯಲ್ಲ. ಕೆಲಸಕ್ಕಿದ್ದೋರ ಪಟ್ಟಿ ಅಂತ ಒಂದು ಇರುತ್ತಲ್ಲ?"

"ಇತ್ತು. ಹೆಸರು, ಫೋಟೊ, ಮನೆ ವಿಳಾಸ, ಎಲ್ಲಾ ಇತ್ತು. ಹೊರಡೋ ಗಡಿಬಿಡೀಲಿ ನಮ್ಮ ಸಾಹೇಬರು ಅದನ್ನ ಮೇಜಿನ ಮೇಲೇ ಬಿಟ್ಟು ವಿಮಾನ ಹತ್ತಿದ್ರು."

"ಈಗ ಎಲ್ಲಿದೆ?"

"ಶತ್ರುಗಳ ಕೈಲಿ. ಅದನ್ನೇ ಹಿಡ್ಕೊಂಡು ಮನೆಮನೆಗೆ ಹೋಗಿ, ಒಬ್ಬೊಬ್ಬರನ್ನೇ ಹೊರಗೆಳೆದು ಗುಂಡು ಹೊಡೀತಿದಾರೆ. ನಿನ್ನೆ ಇವನ ಪಕ್ಕದ ಬೀದಿಗೆ ಬಂದಿದಾರೆ."

ಅಧಿಕಾರಿಯ ಮುಖ ಅರಳಿತು. ಗುಂಡುಸೂಜಿಯನ್ನು ಅಂಗಿಗೆ ಒರೆಸಿ ಮತ್ತೆ ಕಡತಕ್ಕೆ ಚುಚ್ಚಿದ.

"ಅಬ್ಬ, ಪಟ್ಟಿ ಕಳೆದಿಲ್ಲ ತಾನೆ? ಹಂಗಾದ್ರೆ ಅವರ ಹತ್ರಾನೇ ಸಹಿ, ಸೀಲು ಹಾಕಿಸಿ ಒಂದು ಪ್ರತಿ ತರಿಸ್ಕೊಡಿ."